ಜಗದೇವಪ್ಪ ಕಾಪಾಡಿದ ಪಂಪು

ಅಫಜಲಪುರದಲ್ಲಿ ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ಅದನ್ನು ಹನ್ನೆರಡು ವರ್ಷ ಎಣ್ಣೆ ಹಚ್ಚಿ ಒರೆಸಿ ಕಾಪಾಡಿದವನು ಮೆಕ್ಯಾನಿಕ್ ಜಗದೇವಪ್ಪ ಒಬ್ಬನೇ.

ಎಪ್ಪತ್ನಾಲ್ಕರಲ್ಲಿ ಗಾಣಗಾಪುರದ ಹಾದಿಯ ಹೊಲಗಳಿಗೆ ಒಡ್ಡು ಹಾಕಲು ಗುತ್ತಿಗೆದಾರನೊಬ್ಬ ಬುಲ್ಡೋಜರ್ ತಂದಿದ್ದ. ಅದರ ರಿಪೇರಿ ನೋಡುತ್ತಿದ್ದವನು ಜಗದೇವಪ್ಪ. ನಡುವೆಯೇ ಗುತ್ತಿಗೆದಾರ ತೀರಿಕೊಂಡ, ಕೆಲಸ ನಿಂತಿತು, ಬುಲ್ಡೋಜರ್ ಹಳ್ಳದ ದಂಡೆಯಲ್ಲೇ ಉಳಿಯಿತು. ಎಂದಾದರೊಂದು ದಿನ ಇದನ್ನು ತಾನೇ ಕೊಂಡು ತಾನೇ ಚಾಲೂ ಮಾಡಬೇಕೆಂದು ಜಗದೇವಪ್ಪ ಮನಸ್ಸಿನಲ್ಲೇ ಮಂಡಿಗೆ ತಿಂದ. ಅಲ್ಲಿಯವರೆಗೆ ಬೇರೆಯವರು ಚಾಲೂ ಮಾಡಬಾರದಲ್ಲ! ಎಂಜಿನ್ನಿಗೆ ಡೀಸೆಲ್ ಹಾಯಿಸುವ ಪಂಪನ್ನು ಬಿಚ್ಚಿ ತಂದು ಮನೆಯ ಪೆಟ್ಟಿಗೆಯಲ್ಲಿಟ್ಟ. ಪ್ರತಿ ಅಮಾವಾಸ್ಯೆಗೆ ಅದನ್ನು ಹೊರಗೆ ತೆಗೆದು, ಹಳೆಯ ಧೋತರದ ತುಂಡಿನಿಂದ ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಸುತ್ತಿಡುತ್ತಿದ್ದ.

“ನನ್ನ ಮಾರಿ ಹಿಂಗ ಒಂದಿನಾನೂ ನೋಡಿಲ್ರಿ ನೀವು,” ಎಂದು ಹೆಂಡತಿ ಗುರುಬಾಯಿ ನಗುತ್ತಿದ್ದಳು. ಅದು ಯಾವುದರ ಪಂಪು ಎಂದು ಅವಳಿಗೆ ಅವನು ಹೇಳಿರಲಿಲ್ಲ.

ಎಂಬತ್ತಾರರಲ್ಲಿ ಎದುರಂಗಡಿಯ ಸಲಾವುದ್ದೀನ ಆ ಬುಲ್ಡೋಜರ್ ಕೊಂಡ. ಜೇವರ್ಗಿಯಿಂದ ಬಂದು ಗ್ಯಾರೇಜು ಹಾಕಿದ ಮೂರೇ ವರ್ಷದಲ್ಲಿ ಜಗದೇವಪ್ಪನ ಅರ್ಧ ಗಿರಾಕಿಗಳನ್ನು ಎಳೆದುಕೊಂಡಿದ್ದವನು. ಗುತ್ತಿಗೆದಾರನ ಮಕ್ಕಳನ್ನು ಹೋಗಿ ಕೇಳಿದ, ಅವರು ಕೊಟ್ಟರು, ಅಷ್ಟೇ. ಜಗದೇವಪ್ಪ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇಲ್ಲ ಅಂದುಬಿಟ್ಟರೆ ಮಾನ ಹೋಗುತ್ತದೆಂದು ಅವನ ಅಂಜಿಕೆ.

ಸಲಾವುದ್ದೀನ ಸುತ್ತಲಿನ ಜಾಲಿ ಕಡಿಸಿದ. ಜಂಗು ಹಿಡಿದ ಚೈನುಗಳಿಗೆ ತಿಂಗಳುಗಟ್ಟಲೆ ಸೀಮೆಎಣ್ಣೆ ಕುಡಿಸಿದ. ಎಂಜಿನ್ನು ಇಳಿಸಿ, ಕಚ್ಚಿಕೊಂಡಿದ್ದ ಪಿಸ್ಟನ್ನುಗಳನ್ನು ಒಂದೊಂದಾಗಿ ಬಿಡಿಸಿದ. ಜಗದೇವಪ್ಪ ದಿನಾ ಸೈಕಲ್ ಹತ್ತಿ ಹೋಗಿ ದೂರದಲ್ಲಿ ನಿಂತು ನೋಡುತ್ತಿದ್ದ. ತಪ್ಪು ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ, ಅದಕ್ಕೇ ಮತ್ತಷ್ಟು ಉರಿಯುತ್ತಿತ್ತು. ಕಡೆಗೆ ಎಲ್ಲವೂ ಕೂಡಿತು, ಪಂಪು ಒಂದನ್ನು ಬಿಟ್ಟು. ಸೊಲ್ಲಾಪುರ, ಹೈದರಾಬಾದಿನ ಗುಜರಿಗಳನ್ನೆಲ್ಲ ಜಾಲಾಡಿದರೂ ಅದು ಸಿಗಲಿಲ್ಲ.

“ಅಣ್ಣಾ, ಇದರ ರಿಪೇರಿ ನೀವೇ ಮಾಡ್ತಿದ್ರಿ. ಪಂಪು ಯಾರು ಒಯ್ದಿರಬೇಕ್ರಿ?” ಎಂದು ಸಲಾವುದ್ದೀನ ಕೇಳಿದ.

“ನನಗೇನ್ ಗೊತ್ತಲೇ? ನಾ ಏನ್ ಅದಕ್ಕ ಕಾವಲು ಕುಂತಿದ್ನೇನು?” ಎಂದು ಜಗದೇವಪ್ಪ ಹೌಹಾರಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಮಹಾನವಮಿ ಬಂತು. ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ದುಡಿಮೆಯ ಸಾಮಾನುಗಳನ್ನು ಪ್ರತಿವರ್ಷ ತಾನೇ ಜೋಡಿಸುತ್ತಿದ್ದ ಜಗದೇವಪ್ಪ ಆ ವರ್ಷ ಮುಸುಕು ಹಾಕಿ ಮಲಗಿಬಿಟ್ಟ. ಗುರುಬಾಯಿಯೇ ಪಾನಾ, ಸುತ್ತಿಗೆ, ಜಾಕು ಎಲ್ಲವನ್ನೂ ತೊಳೆದು ಮಣೆಯ ಮೇಲಿಟ್ಟಳು. ಗಂಡ ಜೀವಕ್ಕಿಂತ ಹೆಚ್ಚಾಗಿ ಕಾಪಾಡುವ ಸಾಮಾನು ಬಿಟ್ಟರೆ ಹೇಗೆ? ಪೆಟ್ಟಿಗೆ ತೆರೆದು ಪಂಪನ್ನು ನಟ್ಟನಡುವೆ ಇಟ್ಟು, ವಿಭೂತಿ ಹಚ್ಚಿ ಹೂವು ಮುಡಿಸಿದಳು. ವರ್ಷವೂ ಕರೆಯುವಂತೆ ಸಲಾವುದ್ದೀನನನ್ನು ಹೋಳಿಗೆ ಊಟಕ್ಕೆ ಕರೆದೂ ಬಂದಳು.

ಜಗದೇವಪ್ಪ ಎದ್ದು ಪಡಸಾಲೆಗೆ ಬಂದರೆ, ಮಣೆಯ ನಡುವೆ ಪಂಪು ಹೂವು ಮುಡಿದು ಕೂತಿತ್ತು. ಪೂಜೆಗಿಟ್ಟ ಖಂಡೆಯನ್ನು ಮರುದಿನ ಬನ್ನಿ ಮುಡಿಯುವ ತನಕ ಕದಲಿಸುವಂತಿಲ್ಲ. ಆದರೂ ಕೈ ಚಾಚಿದ.

“ಅಯ್ಯ, ಮುಟ್ಟಬ್ಯಾಡ್ರಿ!” ಎಂದು ಗುರುಬಾಯಿ ಚೀರಿದಳು. ಅಷ್ಟರಲ್ಲಿ ಸಲಾವುದ್ದೀನ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ.

ಅವನು ಮಣೆಯನ್ನು ನೋಡಿದ. ತಾನು ಹುಡುಕುತ್ತಿದ್ದ ಪಂಪಿನ ಗುರುತು ಹಿಡಿದ.

“ಹೌದು, ನಾನೇ ಒಯ್ದೇನಿ,” ಎಂದ ಜಗದೇವಪ್ಪ. “ನಿನ್ನ ಕೈಯಾಗ ಅದು ಚಾಲೂ ಆಗಬಾರದು ಅಂತ ಇಟ್ಟೇನಿ. ಹೊಟ್ಟಿ ಉರೀತದಲೇ ನನಗ!”

ಸಲಾವುದ್ದೀನ ಬಗ್ಗಿ, ಮುಟ್ಟದೆಯೇ ಪಂಪಿನ ಅಂಚನ್ನು ಪರೀಕ್ಷಿಸಿದ. “ಒಂದು ಚೂರೂ ಜಂಗ್ ಇಲ್ಲಲ್ರಿ ಅಣ್ಣಾ. ಅಲ್ಲೇ ಬಿಟ್ಟಿದ್ರ ಮಣ್ಣಾಗಿ ಹೋಗ್ತಿತ್ತು. ನಾಳಿ ಬನ್ನಿ ಆದ ಮ್ಯಾಲ ನೀವೇ ಬಂದು ಕೂಡಿಸ್ರಿ,” ಎಂದವನು ಊಟಕ್ಕೆ ಕುಳಿತ. ಬೈದಿದ್ದರೆ ಜಗದೇವಪ್ಪನಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿತ್ತು.

ಮರುದಿನ ಪಂಪು ಕೂಡಿಸಿದವನು ಜಗದೇವಪ್ಪ. ಬುಲ್ಡೋಜರ್ ಗುಡುಗಿ ಎದ್ದಾಗ ಊರವರು ಹಾರ ಹಾಕಿದ್ದು ಸಲಾವುದ್ದೀನನಿಗೆ.

ಆಮೇಲೆ ಅದು ಭೂಸನೂರಿನ ಕಬ್ಬಿನ ಹೊಲಗಳ ತನಕ ಸಮತಟ್ಟು ಮಾಡುತ್ತ ತಿರುಗಿತು. ಅಮಾವಾಸ್ಯೆಗೆ ಮಾತ್ರ ಗ್ಯಾರೇಜಿನಲ್ಲಿ ನಿಲ್ಲುತ್ತಿತ್ತು. ಅಂದು ಜಗದೇವಪ್ಪ ಯಾರನ್ನೂ ಮಾತಾಡಿಸದೆ ಬಂದು, ಪಂಪು ಒರೆಸಿ ಎಣ್ಣೆ ಹಚ್ಚಿ, ಸಲಾವುದ್ದೀನನ ಹೆಂಡತಿ ಪ್ಯಾರಿಬಿ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದ. ಒಂದು ಅಮಾವಾಸ್ಯೆ ಬಂದು ನೋಡುತ್ತಾನೆ, ಪಂಪು ಆಗಲೇ ಮಿರಮಿರ ಮಿಂಚುತ್ತಿದೆ! ಯಾರೋ ಒರೆಸಿಬಿಟ್ಟಿದ್ದರು. ಚಹಾ ಮುಟ್ಟದೆ ಎದ್ದು ಹೋದ. ಎರಡು ದಿನ ಅಂಗಡಿ ತೆರೆಯಲಿಲ್ಲ.

ಮುಂದಿನ ಅಮಾವಾಸ್ಯೆಗೆ ಕಾಲು ತಡೆಯದೆ ಮತ್ತೆ ಹೋದ. ಇಡೀ ಬುಲ್ಡೋಜರ್ ತೊಳೆದು ಥಳಥಳ ಹೊಳೆಯುತ್ತಿತ್ತು. ಪಂಪಿನ ಮೇಲೆ ಮಾತ್ರ ಬೆರಳು ದಪ್ಪ ಧೂಳು ಹಾಗೇ ಇತ್ತು. ಸಲಾವುದ್ದೀನ ಅತ್ತ ಮುಖ ಮಾಡಿ ಏನೋ ಕೆಲಸದಲ್ಲಿದ್ದವನಂತೆ ನಟಿಸುತ್ತಿದ್ದ.

ಜಗದೇವಪ್ಪ ಧೋತರದ ತುಂಡು ತೆಗೆದು ಒರೆಸತೊಡಗಿದ. ಕಣ್ಣು ಮಂಜಾಯಿತು. ಇಷ್ಟು ದೊಡ್ಡ ಮನಸ್ಸನ್ನೂ ದೇವರು ಈ ಮಗನಿಗೇ ಕೊಟ್ಟನಲ್ಲ ಎಂದು ಅವನಿಗೆ ಅವತ್ತೂ ಹೊಟ್ಟೆ ಉರಿಯಿತು.