ಅತ್ತೆ ಯಂತ್ರಕ್ಕೆ ಕಂಬಳಿ ಹೊದಿಸಿದ್ದು

ನಮ್ಮತ್ತೆ ಕೆಂಪಮ್ಮ ಹಾಲೆ ಮರದ ತುಂಡನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಬಲಕ್ಕೋ ಎಡಕ್ಕೋ ಎಸೆಯುತ್ತಿದ್ದರು. ಬಲಕ್ಕೆ ಬಿದ್ದದ್ದು ಮರ ಕಡೆಯುವ ಲೇತಿಗೆ, ಎಡಕ್ಕೆ ಬಿದ್ದದ್ದು ಒಲೆಗೆ. ಕಣ್ಣಿಗೆ ಕಾಣದ ಒಡಕು ಒಳಗಿದ್ದರೆ, ಲೇತಿನಲ್ಲಿ ತಿರುಗುವಾಗ ತುಂಡು ಸಿಡಿದು ಮುಖಕ್ಕೆ ಬಡಿಯುತ್ತದೆ.

"ಮರ ಸುಳ್ಳ್ ಹೇಳಾಕಿಲ್ಲ ಕಣಮ್ಮಿ. ನಿನ್ ಗಂಡನ್ನೂ ಹಿಂಗೇ ಕುಟ್ಟಿ ನೋಡಂಗಿದ್ದಿದ್ರೆ, ನಿಮ್ಮಪ್ಪಂಗೆ ಮೊದ್ಲೇ ಹೇಳ್ಬುಡ್ತಿದ್ದೆ" ಎಂದು ನಗುತ್ತಿದ್ದರು.

ಅವರು ಸಾತನೂರು ಕಡೆಯ, ಕುರಿ ಸಾಕುವ ಮನೆಯ ಮಗಳು. ಮದುವೆಯಾಗಿ ಚನ್ನಪಟ್ಟಣಕ್ಕೆ ಬಂದು ಬೊಂಬೆ ಕಡೆಯುವುದನ್ನು ಕಲಿತವರು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಎರಡು ಲೇತುಗಳಿದ್ದವು. ಒಂದು ಅವರದು, ಹತ್ತನೇ ತರಗತಿ ಮುಗಿಸಿ ಸೊಸೆಯಾಗಿ ಬಂದ ನನಗೆ ಇನ್ನೊಂದನ್ನು ಕೊಟ್ಟರು.

ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳವು. ನನ್ನ ಗಂಡನಿಗೆ ಅಲ್ಲೊಂದು ಕಡೆ ಕೆಲಸ ಸಿಕ್ಕಿತ್ತು. ಅಲ್ಲಿ ಮೂಲೆಗೆ ಹಾಕಿದ್ದ, ದೂಳು ಹೀರುವ ಹಳೆಯ ವ್ಯಾಕ್ಯೂಮ್ ಯಂತ್ರವನ್ನು ಮರದ ದೂಳಿನಿಂದ ತಮ್ಮಮ್ಮನಿಗೆ ಹತ್ತಿದ್ದ ಕೆಮ್ಮು ನೋಡಲಾರದೆ ಟೆಂಪೋದಲ್ಲಿ ತಂದರು. ತಿಂಗಳೊಳಗೆ ಕೆಮ್ಮು ನಿಂತಿತು. ಆದರೆ ಅದರ ಸದ್ದು! ತಗಡಿನ ಕೆಳಗೆ ಲಾರಿಯೊಂದು ನಿಂತಲ್ಲೇ ಓಡುತ್ತಿದ್ದಂತೆ. ಅತ್ತೆಯೂ ನಾನೂ ಕೈಸನ್ನೆಯಲ್ಲೇ ಮಾತಾಡತೊಡಗಿದೆವು.

"ಅತ್ತೆ, ಕಿವಿಗೆ ಒಸಿ ಹತ್ತಿಯಾದ್ರೂ ಇಟ್ಕಳಿ" ಎಂದೆ.

"ಕಿವಿ ಮುಚ್ಕಂಡ್ರೆ ಉಳಿ ಮಾತಾಡೋದು ಯಂಗ್ ಕೇಳ್ತದೆ? ಸುಮ್ಕೆ ಕಡಿ."

ಎರಡು ವರ್ಷವಾಗುವಷ್ಟರಲ್ಲಿ ನನಗೆ ಹೆದರಿಕೆ ಶುರುವಾಯಿತು. ಹಿಂದಿನಿಂದ ಕರೆದರೆ ಅವರು ತಿರುಗುತ್ತಿರಲಿಲ್ಲ. ಅವರ ಬೆನ್ನ ಹಿಂದೆ ಬೇಕೆಂದೇ ಸೌಟು ಬೀಳಿಸಿ ನೋಡುತ್ತಿದ್ದೆ. ಒಂದು ದಿನ ತಿರುಗುತ್ತಿದ್ದರು, ಮೂರು ದಿನ ಇಲ್ಲ. ಯಾರಿಗೂ ಹೇಳಲಿಲ್ಲ. ಅದು ನನ್ನ ತಪ್ಪು.

ಒಂದು ಬೆಳಿಗ್ಗೆ ಅವರು ಎಂದಿನಂತೆ ಒಂದು ತುಂಡು ಕುಟ್ಟಿ, "ಗಟ್ಟಿ ಐತೆ" ಎಂದು ನನಗೆ ಕೊಟ್ಟರು. ಲೇತಿಗೆ ಸಿಕ್ಕಿಸಿ ಉಳಿ ತಾಗಿಸಿದೆ, ಅಷ್ಟೆ. ಅರ್ಧ ತುಂಡು ನನ್ನ ಕೆನ್ನೆಯ ಪಕ್ಕದಲ್ಲಿ ಹಾದು ತಗಡಿಗೆ ಬಡಿಯಿತು. ನಾನು ನೆಲದ ಮೇಲೆ ಕೂತುಬಿಟ್ಟೆ. ಅತ್ತೆ ಲೇತುಗಳನ್ನೂ ಯಂತ್ರವನ್ನೂ ನಿಲ್ಲಿಸಿದರು. ಎರಡು ಹೋಳುಗಳನ್ನೂ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಕುಟ್ಟಿದರು. ಮತ್ತೆ ಕುಟ್ಟಿದರು.

ರಾಮನಗರದ ಡಾಕ್ಟರು ಪರೀಕ್ಷೆ ಮಾಡಿ, "ಯಂತ್ರದ ಸದ್ದಿಗೆ ಹೋಗಿರೋ ಕಿವಿ ವಾಪಸ್ ಬರಲ್ಲಮ್ಮ. ಉಳಿದಿರೋದನ್ನ ಕಾಪಾಡಿಕೊಳ್ಳಿ" ಎಂದರು. ವಾಪಸ್ ಬರುವಾಗ ಅತ್ತೆ ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದರು: "ಒಂದೇ ಸಮ್ಕೆ ಸಿಳ್ಳೆ ಹೊಡ್ದಂಗೆ ಕೇಳ್ತದೆ ನಂಗೆ. ಮೊದ್ಲು ಅದು ಬತ್ತದೆ, ಆಮ್ಯಾಕೆ ಕಿವುಡು. ನಿಂಗ್ ಬಂದೈತಾ? ನಿಜ ಹೇಳು."

"ಇಲ್ಲ ಅತ್ತೆ." ಆಗ ಅದು ನಿಜವೇ ಆಗಿತ್ತು.

"ಬರಬಾರ್ದು" ಎಂದರು.

ಮಾರನೆಯ ದಿನವೇ ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆ ಮಾಡಿಸಿದರು. ತವರಿನಿಂದ ತಂದಿದ್ದ ಕರಿ ಕಂಬಳಿಯನ್ನು ಕತ್ತರಿಸಿ ಅದರ ಒಳಮೈಗೆ ಮೊಳೆ ಹೊಡೆದರು. ತವರಿನಲ್ಲಿ ಕಂಬಳಿ ಹೊದ್ದು ಮಲಗಿದರೆ ಗುಡುಗೂ ಕೇಳುತ್ತಿರಲಿಲ್ಲವಂತೆ. ಯಂತ್ರವನ್ನು ಒಳಗಿಟ್ಟು ಸಂದುಗೊಂದುಗಳನ್ನೆಲ್ಲ ಮುಚ್ಚಿದರು. ಸದ್ದು ಇಳಿಯಿತು. ಎಷ್ಟೋ ಕಾಲದ ಮೇಲೆ ನಾವು ಮಾತಾಡಿಕೊಂಡು ಕಡೆದೆವು.

ಮಧ್ಯಾಹ್ನದ ಹೊತ್ತಿಗೆ ಅರಗು ಕರಗಿದ ವಾಸನೆ ಬಂತು. ಬೊಂಬೆಗೆ ಬಣ್ಣ ಹಚ್ಚುವ ಅರಗಿನ ವಾಸನೆ ನಮ್ಮ ಶೆಡ್ಡಿನಲ್ಲಿ ಯಾವಾಗಲೂ ಇರುತ್ತದೆ. ಹಾಗಾಗಿ ಇಬ್ಬರೂ ಗಮನ ಕೊಡಲಿಲ್ಲ. ಬೇರೆ ಯಾರ ಮನೆಯಲ್ಲಾದರೂ ತಕ್ಷಣ ಗೊತ್ತಾಗುತ್ತಿತ್ತು. ಹೊಗೆ ಕಂಡ ಮೇಲೆ ಪೆಟ್ಟಿಗೆ ತೆರೆದರೆ, ಗಾಳಿಯಿಲ್ಲದೆ ಕಾದಿದ್ದ ಮೋಟಾರು ಮುಟ್ಟುವಂತಿರಲಿಲ್ಲ. ಯಂತ್ರದ ದೂಳು ತುಂಬುವ ಚೀಲದೊಳಗಿನ ಅರಗಿನ ಪುಡಿ ಕರಗಿ ಪಾಕವಾಗಿತ್ತು. ಕಂಬಳಿಯ ಅಂಚು ಸುಟ್ಟಿತ್ತು. ಸುತ್ತಲೂ ಮೊಣಕಾಲೆತ್ತರ ಒಣ ಮರದ ಹೊಟ್ಟು.

"ಮೈಯೆಲ್ಲ ಉಣ್ಣೆ ಇರೋ ಕುರಿಗಾದ್ರೂ ಉಸಿರಾಡಕ್ಕೆ ಮೂಗೈತೆ. ನಾನು ಮುಂಡೇದು ಇದ್ರ ಮೂಗನ್ನೇ ಮುಚ್ಬುಟ್ಟೆ" ಎಂದರು ಅತ್ತೆ. ನಗಲಿಲ್ಲ.

ಆಮೇಲೆ ಯಂತ್ರವನ್ನು ಗೋಡೆಯಾಚೆ ಒಂದು ಸಣ್ಣ ಮಾಡಿನ ಕೆಳಗೆ ಇಡಿಸಿದರು. ಪೈಪು ಮಾತ್ರ ಗೋಡೆ ತೂರಿ ಒಳಗೆ ಬರುತ್ತಿತ್ತು. ಅದುರುವುದನ್ನು ತಡೆಯಲು ಯಂತ್ರದ ಕಾಲುಗಳ ಕೆಳಗೆ ಸ್ಕೂಟರ್ ಟ್ಯೂಬಿನ ತುಂಡು. ಪೆಟ್ಟಿಗೆಗೆ ಗಾಳಿಯ ದಾರಿ ಬಿಡಿಸಿದರು, ಆದರೆ ನೇರವಾಗಿ ಅಲ್ಲ, ಎರಡು ಕಡೆ ತಿರುವಿ. "ಗಾಳಿ ಸೊಟ್ಟಗಾದ್ರೂ ಓಯ್ತದೆ. ಸದ್ದು ತಿರುವಲ್ಲೇ ಸುಸ್ತಾಗ್ಲಿ." ನನ್ನ ಗಂಡನ ಕೈಯಲ್ಲಿ ಕಾರ್ಖಾನೆಯವರು ಹಾಕಿಕೊಳ್ಳುವಂಥ ಕಿವಿಮುಚ್ಚಳ ಎರಡು ತರಿಸಿದರು. ದಿನಾ ಬೆಳಿಗ್ಗೆ ಲೇತು ಹಾಕುವ ಮೊದಲು ನನ್ನ ಕೂದಲು ಸರಿಸಿ ತಾವೇ ತೊಡಿಸುತ್ತಿದ್ದರು. ಸೆಕೆಗೆ ನಾನು ತೆಗೆದರೆ ಬೆನ್ನಿಗೊಂದು ಏಟು ಬೀಳುತ್ತಿತ್ತು. ಆದರೂ ಅವರು ಸಂತೆಗೆ ಹೋದ ದಿನಗಳಲ್ಲಿ ನಾನದನ್ನು ಮೊಳೆಗೆ ನೇತುಹಾಕಿ ಕೆಲಸ ಮಾಡಿದ್ದುಂಟು.

ಕೆಲವು ವರ್ಷಗಳ ಮೇಲೆ ಅವರ ಹೃದಯ ಸೋತಿತು. ಚನ್ನಪಟ್ಟಣದ ಆಸ್ಪತ್ರೆಯಲ್ಲಿ, ಊಟದ ಹೊತ್ತು. ನಾನೊಬ್ಬಳೇ ಹತ್ತಿರವಿದ್ದೆ. ಆಗ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದರು. ನನ್ನ ಕೈ ಹಿಡಿದು, "ಆ ಸಿಳ್ಳೆ ನಿಂಗ್ ಬಂದೈತಾ ಕಣಮ್ಮಿ?" ಎಂದರು.

ನನ್ನ ಕಿವಿಗೆ ಅದು ಬಂದು ಏಳು ತಿಂಗಳಾಗಿತ್ತು. ಬಾಯಿ ತೆರೆದಿದ್ದರೆ ತುಟಿಯಲ್ಲೇ ಸುಳ್ಳು ಕಾಣುತ್ತಿತ್ತೋ ಏನೋ. ಸುಮ್ಮನೆ ಇಲ್ಲವೆಂದು ತಲೆಯಾಡಿಸಿದೆ.

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. "ಹಂಗಾರೆ ಸಾಕು ಬುಡು" ಎಂದು ಕಣ್ಣು ಮುಚ್ಚಿದರು.