ಮನೆದೇವರು ಕೇಳುವ ನಯ

ಸಿದ್ದರಾಜು ಅವರೇ, ನನ್ನ ತಮ್ಮನ ಮಗನಿಗೆ ಮೈಸೂರಿಗೆ ವರ್ಗವಾಗಿರಲಿಲ್ಲ. ನನಗೆ ತಮ್ಮನೇ ಇಲ್ಲ.

ವಿಜಯನಗರದ ನನ್ನ ಮನೆಯ ಮಹಡಿಯಲ್ಲಿ ನೀವು ಹಾಲುಕ್ಕಿಸಿದ ದಿನ, ಸಂಜೆಗೇ ನಿಮ್ಮನ್ನು ಅಲ್ಲಿಂದ ಎಬ್ಬಿಸಲು ನಾನು ಕಟ್ಟಿದ ಸುಳ್ಳು ಅದು. ನೀವು ದಲಿತರು ಎಂದು ಗೊತ್ತಾಯಿತು, ಎಬ್ಬಿಸಿದೆ. ಬೇರೆ ಕಾರಣ ಇರಲಿಲ್ಲ. ಇದು ನಿಮಗೆ ಆವತ್ತೇ ತಿಳಿದಿತ್ತು ಎಂದು ನನಗೂ ತಿಳಿದಿತ್ತು — ಆದರೂ ಇಷ್ಟು ವರ್ಷ ಇಬ್ಬರೂ ತಿಳಿಯದವರ ಹಾಗೆ ಒಂದೇ ಊರಿನಲ್ಲಿ ಓಡಾಡಿಕೊಂಡಿದ್ದೆವು. ಇನ್ನೊಂದು ಇದೆ. ಅದು ಇದಕ್ಕಿಂತ ಕೆಟ್ಟದ್ದು, ತೀರ ಇತ್ತೀಚಿನದು, ಅದು ನಿಮಗೆ ಗೊತ್ತಿಲ್ಲ. ಅದಕ್ಕೆ ಬರುತ್ತೇನೆ. ಬರಲೇಬೇಕು.

ನಾನು ದೇವರಾಜ ಮೊಹಲ್ಲಾದಲ್ಲಿ ಊದುಬತ್ತಿ, ಸುಗಂಧದ ಎಣ್ಣೆ ಮಾರಿಕೊಂಡು ಬದುಕಿದವನು. ಅಂಗಡಿಗೆ ಬಿಳಿಯರು ಬಂದರೆ ಸ್ಟೂಲು ಕೊಟ್ಟು, ಮಣಿಕಟ್ಟಿಗೆ ಮಲ್ಲಿಗೆ ಎಣ್ಣೆ ಸವರಿ, ಏನೂ ಕೊಳ್ಳದೆ ಎದ್ದರೂ ಮಾರ್ಕೆಟ್ಟಿನ ಬಾಗಿಲಿನವರೆಗೆ ಹೋಗಿ ದಾರಿ ತೋರಿಸಿ ಬರುತ್ತಿದ್ದೆ. 'ಮೈಸೂರಿನವರು ಎಷ್ಟು ಒಳ್ಳೆಯವರು' ಎಂದು ಅವರು ಹೇಳಿದಾಗ ಎದೆ ಉಬ್ಬುತ್ತಿತ್ತು. ಜಾತಿ ಕೇಳಿ ಮನೆ ಕೊಡುವವನು ನಾನಲ್ಲ ಎಂದೂ ಹೇಳಿಕೊಂಡು ತಿರುಗುತ್ತಿದ್ದೆ. ನಿಜ, ಜಾತಿ ಕೇಳುತ್ತಿರಲಿಲ್ಲ. ಮನೆದೇವರು ಕೇಳುತ್ತಿದ್ದೆ. ಕೇಳುವವನಿಗೂ ಮುಜುಗರವಿಲ್ಲ, ಹೇಳುವವನಿಗೂ ಇಲ್ಲ, ಬೇಕಾದದ್ದು ತಿಳಿದುಹೋಗುತ್ತದೆ. ಇದನ್ನು ನಾವು ನಯ ಎನ್ನುತ್ತೇವೆ. ಥೂ.

ನಿಮ್ಮನ್ನೂ ಕೇಳಿದೆ. "ಮಾದಪ್ಪನ ಒಕ್ಕಲು ಸಾರ್, ತಾತನ ಕಾಲದಿಂದ," ಎಂದಿರಿ. ಮಾದಪ್ಪ ಎಂದ ಕೂಡಲೇ ನಮ್ಮ ಪೈಕಿಯೇ ಇರಬೇಕು ಎಂದುಕೊಂಡೆ. ಬೆಟ್ಟಕ್ಕೆ ಎಲ್ಲ ಜನವೂ ನಡೆದು ಹೋಗುತ್ತಾರೆ, ಮಾದಪ್ಪ ಯಾರನ್ನೂ ಬೇಡ ಎಂದವನಲ್ಲ — ಅದು ನನ್ನ ತಲೆಗೆ ಹೊಳೆಯಲೇ ಇಲ್ಲ. ನೀವು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು, ನಿಮ್ಮ ಮನೆಯವರು ಮಂಗಳಮ್ಮ, ನಾಲ್ಕೈದು ವರ್ಷದ ಮಗಳು ಚೇತನಾ. ಒಳ್ಳೆಯ ಸಂಸಾರ ಎಂದು ಹೆಂಡತಿಯ ಹತ್ತಿರ ಹೇಳಿದೆ. ಬೀಗದ ಕೈ ಕೊಟ್ಟೆ.

ಹಾಲುಕ್ಕಿಸುವ ಬೆಳಿಗ್ಗೆ ಕರೆದಿರಿ ಎಂದು ಮಹಡಿಗೆ ಬಂದೆ. ಬುದ್ಧನ ಚಿತ್ರವನ್ನು ಷೋಕಿಗೆ ಎಷ್ಟೋ ಜನ ನೇತುಹಾಕುತ್ತಾರೆ. ನೀವು ಅದನ್ನು ದೇವರ ಗೂಡಿನಲ್ಲಿಟ್ಟು, ಮುಂದೆ ಮೇಣದಬತ್ತಿ ಹಚ್ಚಿ, ಮೂವರೂ ಕೈಮುಗಿದು ಕೂತಿದ್ದಿರಿ. ಗೂಡಿನಲ್ಲಿ ಇನ್ನೊಂದು ದೇವರಿರಲಿಲ್ಲ.

"ಎಲ್ರೀ ನಿಮ್ಮ ಮಾದಪ್ಪ?" ಎಂದು ನಗುತ್ತಲೇ ಕೇಳಿದೆ.

"ತಾತನ ಕಾಲಕ್ಕೆ ಮಾದಪ್ಪ ಸಾರ್. ಅಪ್ಪನ ಕಾಲದಿಂದ ನಾವು ಬುದ್ಧನ ಕಡೆ."

ನೀವು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದು ನಿಮಗೆ ಅನ್ನಿಸಿರಲೂ ಇಲ್ಲ. ಆ ಕ್ಷಣಕ್ಕೆ ನಾನು ಮುಖದ ಮೇಲಿನ ನಗು ಇಳಿಸಲಿಲ್ಲ — ಅದೇ ನನ್ನ ವಿದ್ಯೆ. ಮಂಗಳಮ್ಮ ಉಕ್ಕಿದ ಹಾಲಿಗೆ ಸಕ್ಕರೆ ಹಾಕಿ ಎರಡು ಲೋಟ ಕೊಟ್ಟರು, ನನಗೊಂದು, ನನ್ನ ಹೆಂಡತಿಗೊಂದು. ಕೆಳಗೆ ತಂದು ನನ್ನ ಲೋಟವನ್ನು ಬಚ್ಚಲಿಗೆ ಸುರಿದೆ. ಇದು ನಿಮಗೆ ತಿಳಿದಿರಲಾರದು. ತಿಳಿಯಲಿ. ಹೆಂಡತಿ ಹಠ ಹಿಡಿದಳು, ಅದಕ್ಕೇ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು, ಈಗ ಅವಳಿಲ್ಲ, ಅಲ್ಲಗಳೆಯುವುದಕ್ಕೆ ಬರುವುದಿಲ್ಲ. ಆದರೆ ಅವಳು ತನ್ನ ಲೋಟದ ಹಾಲನ್ನು ನನ್ನ ಕಣ್ಣೆದುರೇ ಕುಡಿದಳು. "ಹಾಲುಕ್ಕಿಸಿದ ಮನೆ ಕಣ್ರೀ. ಇರ್ಲಿ ಬುಡಿ, ಅವರ ಪಾಡಿಗೆ ಅವರಿರ್ತಾರೆ," ಅಂದಳು. ಕೇಳಲಿಲ್ಲ ನಾನು.

ಸಂಜೆ ನಿಮ್ಮನ್ನು ಕೆಳಗೆ ಕರೆದು, ಕಾಫಿ ಕೊಟ್ಟು, ಹೇಳಿದೆ:

"ತಪ್ಪು ತಿಳ್ಕೋಬೇಡಿ ಸಿದ್ದರಾಜು. ನನ್ನ ತಮ್ಮನ ಮಗನಿಗೆ ಇದ್ದಕ್ಕಿದ್ದಂಗೆ ಮೈಸೂರಿಗೆ ಟ್ರಾನ್ಸ್‌ಫರ್ ಆಗ್ಬುಟ್ಟಿದೆ. ಮನೆ ನಮಗೇ ಬೇಕಾಗಿದೆ."

"ಬೆಳಿಗ್ಗೆ ಇರ್ಲಿಲ್ವಾ ಸಾರ್, ಈ ಟ್ರಾನ್ಸ್‌ಫರು?"

"ಮಧ್ಯಾಹ್ನ ಫೋನ್ ಬಂತು."

ನೀವು ನನ್ನ ಮುಖವನ್ನೇ ನೋಡಿದಿರಿ. "ಆಯ್ತು ಬುಡಿ ಸಾರ್," ಎಂದು ಎದ್ದಿರಿ. ಕಾಫಿ ಹಾಗೇ ಇತ್ತು. ನೀವು ಬೈದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು — ನೋಡಿ ಎಂಥ ಜನ ಎಂದು ಹೇಳಿಕೊಂಡು ತಿರುಗಬಹುದಿತ್ತು. ಅಷ್ಟನ್ನೂ ನೀವು ಕೊಡಲಿಲ್ಲ.

ಈಗ ಎರಡನೆಯದು.

ನನ್ನ ಮಗಳು ಇಂಗ್ಲೆಂಡಿನ ಕಡೆ ನರ್ಸು. ಅಳಿಯ ಹೋಟೆಲಿನಲ್ಲಿ ಅಡುಗೆಯವನು, ಕೆಲಸ ಸಿಕ್ಕ ಊರಿಗೆ ಗಂಟುಮೂಟೆ ಕಟ್ಟುವವನು. ಹೆಂಡತಿ ತೀರಿಕೊಳ್ಳುವ ಮೊದಲು ನಾವಿಬ್ಬರೂ ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದೆವು. ಅವರ ಹಿಂದೆ ನಾವೂ ಊರೂರು ಸುತ್ತಿದೆವು. ಬಂದಮೇಲೆ ಪಾರ್ಕಿನ ಬೆಂಚಿನ ಮೇಲೆ ನಾನೇ ದೊಡ್ಡ ಮನುಷ್ಯ. ಯಾವ ಊರಿನ ಜನ ಹೇಗೆ ಎಂದು ದಿನಾ ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದೆ. ಲಂಡನ್ನಿನಲ್ಲಿ ರೈಲಿನೊಳಗೆ ಎದುರು ಕೂತವನ ಕಣ್ಣು ನೋಡಿದರೆ ಅವನು ಹೆದರಿ ಕಿಟಕಿಯ ಕಡೆ ತಿರುಗುತ್ತಾನೆ. ಬಿದ್ದರೆ ಎತ್ತುತ್ತಾರೆ, ಆದರೆ ಹೆಸರು ಕೇಳುವುದಿಲ್ಲ. ಗ್ಲಾಸ್ಗೋದಲ್ಲಿ ಬಸ್ ಸ್ಟಾಪಿನಲ್ಲಿ ವಿಳಾಸ ಕೇಳಿದೆವು. ಆ ಮುದುಕ ತನ್ನ ಬಸ್ಸು ಬಿಟ್ಟು ಮಳೆಯಲ್ಲಿ ನಮ್ಮ ಜೊತೆ ನಡೆದು ಬಂದ. ಅವನ ಮಾತು ಒಂದೂ ಅರ್ಥವಾಗಲಿಲ್ಲ. ಜೊತೆಗಿದ್ದ ಮಗಳು ಆಮೇಲೆ ಹೇಳಿದಳು, 'ಹೊರಗಿನಿಂದ ಬಂದವರಿಗೆ ನಾವು ಒಳ್ಳೆಯವರು, ನಮ್ಮೊಳಗೆ ನಾವು ಹೇಗೆ ಅಂತ ನನ್ನ ಪಕ್ಕದ ಮನೆಯವನನ್ನ ಕೇಳಬೇಕು' ಎಂದನಂತೆ. ಆಗ ನಕ್ಕಿದ್ದೆ. ಈಗ ನಗಲಾರೆ.

ಲಿವರ್‌ಪೂಲಿನಲ್ಲಿ ಅಂಗಡಿಯ ಹೆಂಗಸರು ಗುರುತಿಲ್ಲದವರನ್ನೂ 'ಲವ್' ಎಂದು ಕರೆಯುತ್ತಾರೆ. ಇದನ್ನು ಹೇಳಿದ ದಿನ ಕಾಲೇಜು ಮೇಷ್ಟ್ರಾಗಿದ್ದ ಗೆಳೆಯ ಪುಟ್ಟಸ್ವಾಮಿ ಬೆಂಚಿನಿಂದ ಬೀಳುವುದೊಂದು ಬಾಕಿ.

"ನಿಮ್ಮನ್ನ? ಲವ್ ಅಂದ್ಳಾ? ಮನೇಲಿ ಹೇಳಿದ್ರೇನ್ರೀ?"

"ಹೇಳ್ದೆ ಕಣಯ್ಯ. ಪಾಪ, ಅವಳು ಕನ್ನಡಕ ಹಾಕ್ಕೊಂಡಿರ್ಲಿಲ್ವೇನೋ ಅಂದ್ಳು."

ಎಲ್ಲರೂ ನಕ್ಕರು. ಆಮೇಲೆ ನಾನು ಗಂಭೀರವಾಗಿ ಇನ್ನೊಂದು ಕತೆ ತೆಗೆದೆ. ಒಂದು ಊರಿನಲ್ಲಿ ಮಗಳ ಸಂಸಾರಕ್ಕೆ ಬಾಡಿಗೆ ಮನೆ ನೋಡಲು ಹೋದಾಗ, ಫೋನಿನಲ್ಲಿ ಖಾಲಿ ಇದೆ ಎಂದಿದ್ದ ಬಿಳಿಯ, ಬಾಗಿಲು ತೆರೆದು ನಮ್ಮ ಮುಖ ನೋಡಿ, ಈಗ ತಾನೇ ಹೋಯಿತು ಎಂದ. ಊರಿನ ಹೆಸರು ಬರೆಯುವುದಿಲ್ಲ, ಒಬ್ಬನಿಗಾಗಿ ಒಂದು ಊರನ್ನೇ ಬೈಯುವ ಹಕ್ಕು ನನಗಿಲ್ಲ. ಆದರೆ ಪಾರ್ಕಿನಲ್ಲಿ ಬೈದೆ. ಬೆಂಚು ಗುದ್ದಿ ಬೈದೆ. ಆ ಬಾಗಿಲ ಮುಂದೆ ಮಗಳು ತಲೆ ತಗ್ಗಿಸಿ ನಿಂತದ್ದನ್ನು ಹೇಳುವಾಗ ನನ್ನ ದನಿ ಏರಿತು. "ಎಂಥಾ ಜನಾರೀ! ಮನುಷ್ಯರೇನ್ರೀ ಅವರು!" ಎಂದರು ಎಲ್ಲರೂ. ಆ ಸಿಟ್ಟನ್ನು ನಾನು ಆಸ್ತಿಯಂತೆ ಕಾಪಾಡಿಕೊಂಡೆ. ಸಿದ್ದರಾಜು, ನಿಮ್ಮ ನೆನಪು — ಬಂತು. ಬರಲಿಲ್ಲ ಎಂದರೆ ಮತ್ತೊಂದು ಸುಳ್ಳು. ಬಂತು, ನಾನು ದನಿ ಇನ್ನಷ್ಟು ಏರಿಸಿದೆ.

ಕೊನೆಗೆ ಮನೆ ಸಿಕ್ಕಿದ್ದು ಲೆಸ್ಟರಿನಲ್ಲಿ. ಮನೆ ಮಾಲೀಕರು ಪ್ರಭಾಕರ್ ಅಂತ, ನಮ್ಮ ಮಂಡ್ಯದ ಕಡೆಯವರು, ಅಲ್ಲೇ ನೆಲೆನಿಂತವರು. ಕನ್ನಡ ಕೇಳಿ ಹಿಗ್ಗಿದರು, ಉಪ್ಪಿಟ್ಟು ಕೊಟ್ಟರು. ಆಮೇಲೆ, "ಮನೆದೇವ್ರು ಯಾವ್ದು ಯಜಮಾನ್ರೇ?" ಎಂದರು. ಹೇಳಿದೆ. "ಅಂಗಂದ್ರೆ ನಮ್ಮೋರೇ ಬುಡಿ!" ಎಂದು ಬೀಗದ ಕೈ ತಂದು ಕೈಗಿಟ್ಟರು. ಇಡೀ ಬ್ರಿಟನ್ನಿಗೇ ಲೆಸ್ಟರಿನಷ್ಟು ಒಳ್ಳೆಯ ಊರಿಲ್ಲ ಎಂದು ನಾನು ಪಾರ್ಕಿನಲ್ಲಿ ತೀರ್ಪು ಕೊಟ್ಟದ್ದು ಇದೇ ಆಧಾರದ ಮೇಲೆ. ಆ ಪ್ರಶ್ನೆಯ ಸಂಗತಿಯನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ನಿಮ್ಮ ಚೇತನಾ ಪುಟ್ಟಸ್ವಾಮಿಯ ಶಿಷ್ಯೆ ಎಂದು ನನಗೆ ತಿಳಿದದ್ದು ಅವಳು ನನ್ನ ಬಾಗಿಲಿಗೆ ಬಂದಾಗ. ಓದಲು ಹೋಗಲಿಕ್ಕೆ ಎರಡು ಕಡೆ ಸೀಟು ಸಿಕ್ಕಿದೆ, ಗ್ಲಾಸ್ಗೋ, ಲೆಸ್ಟರ್, ಯಾವ ಊರಿನ ಜನ ಒಳ್ಳೆಯವರು ಎಂದು ಇಂಗ್ಲೆಂಡ್ ನೋಡಿ ಬಂದ ಅಂಕಲ್‌ನ ಕೇಳಲು ಬಂದಿದ್ದಳು. ಗೇಟಿನಾಚೆ ಸ್ಕೂಟರಿನ ಮೇಲೆ ನೀವು.

"ಒಳಗೆ ಬನ್ನಿ ಸಿದ್ದರಾಜು," ಎಂದೆ. ಮತ್ತೆ ಅದೇ ನಗು.

"ಇಲ್ಲೇ ಇರ್ತೀನಿ ಸಾರ್. ಸ್ಕೂಟರ್ ಸ್ಟ್ಯಾಂಡ್ ಸರಿಯಿಲ್ಲ."

"ನಮ್ಮಪ್ಪ ಎಲ್ಹೋದ್ರೂ ಹಿಂಗೇ ಅಂಕಲ್, ನಾಚ್ಕೆ," ಎಂದು ಅವಳು ನಕ್ಕಳು. ಆಗ ಗೊತ್ತಾಯಿತು, ನೀವು ಅವಳಿಗೆ ಏನೂ ಹೇಳಿಲ್ಲ. ಚಿಕ್ಕಂದಿನಲ್ಲಿ ಒಂದು ಹಗಲು ತಾನು ಆಡಿದ್ದ ಮಹಡಿ ಇದೇ ಮನೆಯದು ಎಂದೂ ಅವಳಿಗೆ ಗೊತ್ತಿಲ್ಲ. ನಿಮ್ಮ ಮಗಳ ಸಲುವಾಗಿ, ನಿಮ್ಮನ್ನು ಎಬ್ಬಿಸಿದ ಮನೆಯ ಗೇಟಿನವರೆಗೆ ನೀವು ಮತ್ತೆ ಬಂದಿರಿ. ನಾನಾಗಿದ್ದರೆ ಬರುತ್ತಿರಲಿಲ್ಲ.

ಅವಳು ಕೇಳಿದಳು: "ಅಲ್ಲಿ ಮನೆ ಕೊಡೋವಾಗ ಏನೇನ್ ಕೇಳ್ತಾರೆ ಅಂಕಲ್?"

"ಪಾಸ್‌ಪೋರ್ಟು, ಕಾಲೇಜಿನ ಕಾಗದ. ಅಷ್ಟೇ ಕಣಮ್ಮ."

ಅಷ್ಟೇ ಎಂದೆ. ಲೆಸ್ಟರಿಗೇ ಹೋಗು, ಅಲ್ಲಿ ನಮ್ಮವರಿದ್ದಾರೆ ಎಂದು ಪ್ರಭಾಕರ್ ಅವರ ನಂಬರು ಬರೆದುಕೊಟ್ಟೆ. ಅವಳು ಗ್ಲಾಸ್ಗೋ ಬಿಟ್ಟಳು. ನನ್ನ ಮಾತು ನಂಬಿ ಬಿಟ್ಟಳು.

ಅವಳು ಹೊರಡುವ ಮುಂಚೆ ಪ್ರಭಾಕರ್ ನನಗೆ ಫೋನು ಮಾಡಿದರು. "ಹುಡುಗಿ ಚೆಂದಾಗಿ ಮಾತಾಡ್ತಾಳೆ ಯಜಮಾನ್ರೇ. ರೂಮು ಅವಳಿಗೇ ಅಂದ್ಕೊಂಡಿವ್ನಿ. ಮನೆದೇವ್ರು ಕೇಳುದ್ರೆ ನಕ್ಬುಟ್ಲು, ನಂಗೆ ಅದೆಲ್ಲ ಗೊತ್ತಿಲ್ಲ ಅಂಕಲ್ ಅಂತ. ಯಾರ ಪೈಕಿ ಅವ್ರು?"

ಗೊತ್ತಿಲ್ಲ ಎನ್ನಬಹುದಿತ್ತು. ನಿಮಗ್ಯಾಕ್ರೀ ಅದು ಎನ್ನಬಹುದಿತ್ತು. ಬಾಗಿಲ ಮುಂದೆ ತಲೆ ತಗ್ಗಿಸಿ ನಿಂತ ನನ್ನ ಮಗಳ ಕತೆ ಹೇಳಬಹುದಿತ್ತು. ಪಾರ್ಕಿನಲ್ಲಿ ಬೆಂಚು ಗುದ್ದಿದ ಆ ಗಂಡಸು ಆ ಹೊತ್ತಿಗೆ ಎಲ್ಲಿ ಹೋಗಿದ್ದ? ನಾನು ದನಿ ತಗ್ಗಿಸಿ ಹೇಳಿದೆ:

"ಅವರು ಬೇರೆ ಜನ. ನಾನು ಹೇಳ್ದೆ ಅಂತ ಗೊತ್ತಾಗೋದು ಬೇಡ."

"ಅರ್ಥ ಆಯ್ತು ಬುಡಿ," ಎಂದರು ಅವರು. ರೂಮು ಅವಳಿಗೆ ಸಿಗಲಿಲ್ಲ.

ನನ್ನ ಮಗಳು ಇನ್ನೂ ಅವರ ಮನೆಯಲ್ಲೇ ಇದ್ದಾಳೆ, ಅವಳಿಗೆ ತೊಂದರೆಯಾದೀತು ಎಂದು ಹೆದರಿದೆ — ಹೀಗೆ ಬರೆದು, ಓದಿ, ಹೊಡೆದುಹಾಕುವ ಬದಲು ಹಾಗೇ ಬಿಟ್ಟಿದ್ದೇನೆ, ನಾನು ಎಂಥ ನೆಪ ಹುಡುಕುತ್ತೇನೆ ಎಂದು ನಿಮಗೆ ಕಾಣಲಿ. ಹೆದರಿಕೆ ಇರಲಿಲ್ಲ. ಅಭ್ಯಾಸ. ಕೇಳಿದರೆ ಹೇಳುವುದು, ಹೇಳಿ ಮೆತ್ತಗೆ ನಗುವುದು. ನಾಲಿಗೆಗೆ ಅಷ್ಟು ಸಲೀಸಾಗಿ ಬಂತಲ್ಲ ಎಂದು ನನ್ನ ಮೇಲೆ ನನಗೆ ಬರುವ ಸಿಟ್ಟಿಗೆ ಈ ವಯಸ್ಸಿನಲ್ಲಿ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಕಳೆದ ಭಾನುವಾರ ಚೇತನಾ ಫೋನು ಮಾಡಿದ್ದಳು. ಕಾಲೇಜಿಗೆ ತುಂಬಾ ದೂರದಲ್ಲಿ, ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿದ್ದಾಳಂತೆ. ದೂರು ಹೇಳಲಿಲ್ಲ. ಬಸ್ಸಿನ ಡ್ರೈವರು ದಿನಾ ಮಾತಾಡಿಸುತ್ತಾನೆ, ಊರಿನ ಜನ ನೀವು ಹೇಳಿದ ಹಾಗೇ ಒಳ್ಳೆಯವರು ಎಂದಳು. ಆಮೇಲೆ ಕೇಳಿದಳು:

"ಪ್ರಭಾಕರ್ ಅಂಕಲ್ ಹತ್ರ ನಾನೇ ಸರಿಯಾಗಿ ಮಾತಾಡ್ಲಿಲ್ಲ ಅನ್ಸುತ್ತೆ ಅಂಕಲ್. ಮನೆದೇವ್ರು ಅಂದಾಗ ನಕ್ಬುಟ್ಟೆ. ಹಿರಿಯರು, ಬೇಜಾರಾಯ್ತೇನೋ. ಒಂದ್ಸಲ ಮನೆಗೇ ಹೋಗಿ ಸಾರಿ ಕೇಳ್ಲಾ?"

ಸಾರಿ. ಅವಳು. ಅವರನ್ನು.

"ಬೇಡಮ್ಮ," ಎಂದೆ. ಅಷ್ಟು ಹೇಳಿ, ಲೈನು ಸರಿಯಿಲ್ಲ ಎಂದು ಫೋನು ಇಟ್ಟೆ. ಲೈನು ಚೆನ್ನಾಗಿಯೇ ಇತ್ತು.

ಸಿದ್ದರಾಜು ಅವರೇ, ನಿಮ್ಮ ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ಕೇಳುವ ಯೋಗ್ಯತೆ ಇಲ್ಲ, ನೀವು ಕೊಟ್ಟರೂ ಅದನ್ನು ಇಟ್ಟುಕೊಳ್ಳಲು ನನ್ನಲ್ಲಿ ಜಾಗವಿಲ್ಲ. ವಿಷಯ ಇಷ್ಟೇ — ಬರುವ ಭಾನುವಾರ ನಾನು ಚೇತನಾಗೆ ಫೋನು ಮಾಡುತ್ತೇನೆ. ಪ್ರಭಾಕರ್ ಕೇಳಿದ್ದೇನು, ನಾನು ಹೇಳಿದ್ದೇನು, ಎಲ್ಲ. ಹೇಳಿದರೆ ಅವಳು ನಿಮ್ಮ ವಿಷಯಕ್ಕೂ ಬರುತ್ತಾಳೆ. ಅಪ್ಪ ಗೇಟಿನಲ್ಲೇ ಯಾಕೆ ನಿಂತರು ಎಂದು ಅವಳಿಗೆ ತಾನಾಗಿಯೇ ಹೊಳೆಯುತ್ತದೆ. ಇಷ್ಟು ವರ್ಷ ನೀವು ಅವಳಿಂದ ದೂರ ಇಟ್ಟದ್ದನ್ನು ನನ್ನ ಬಾಯಿಂದ ಅವಳು ಕೇಳುವುದು ನಿಮಗೆ ಬೇಡವಾದರೆ, ಅಷ್ಟರೊಳಗೆ ಆ ಮನೆಯ ಮಾತನ್ನು ನೀವೇ ಹೇಳಿ. ನನ್ನನ್ನು ಏನೆಂದು ಕರೆದು ಹೇಳಿದರೂ ಸರಿ. ಪ್ರಭಾಕರ್ ಅವರಿಗೆ ಇವತ್ತೇ ಫೋನು ಮಾಡಿದೆ, ನಾನು ಹೇಳಿದ್ದು ಅವಳಿಗೆ ತಿಳಿಸುತ್ತಿದ್ದೇನೆ ಎಂದೆ. "ನಿಮಗೇನ್ ತಲೆ ಕೆಟ್ಟಿದ್ಯಾ?" ಎಂದರು. ನನ್ನ ಮಗಳಿಗೂ ಹೇಳಿದೆ. ಬೇರೆ ಮನೆ ಹುಡುಕುತ್ತೇನೆ ಎಂದಳು, ಅಷ್ಟೇ.

ಬೇರೇನು ಸರಿಹೋಗುತ್ತದೋ ಬಿಡುತ್ತದೋ. ನಿಮ್ಮ ಮಗಳು ಆ ಮನೆಯ ಬಾಗಿಲಿಗೆ ಹೋಗಿ ಸಾರಿ ಕೇಳಬಾರದು. ಅವಳು ನಕ್ಕದ್ದೇ ಸರಿ. ಆ ಪ್ರಶ್ನೆಗೆ ನಗಬೇಕಿತ್ತು, ಅವಳ ವಯಸ್ಸಿನಲ್ಲಿ ನಾನೂ ನಗಬೇಕಿತ್ತು. ಇದನ್ನು ಅವಳಿಗೆ ಹೇಳಬೇಕಾದವನು ನಾನು. ಹೇಳುತ್ತೇನೆ.