ಮೇಲೆ ಹೋಗದ ದೇಶಕಾರ್

ಗೆಳೆಯರೇ, ಬಸ್ಸಿಳಿದವಳೇ ಸೈಬರ್ ಕೆಫೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ಯಲ್ಲಾಪುರದ ಬೆಳಗಿನ ಸಂಗೀತ ಬೈಠಕ್‌ನಲ್ಲಿ ಸಭೆಯೆಲ್ಲ ಖುಷಿಯಾಗಿರುವಾಗ ನಾನೊಬ್ಬಳೇ ಅತ್ತೆ.

ಹಾಡುತ್ತಿದ್ದವಳು ನನ್ನ ಜೊತೆ ಒಂದೇ ಗುರುಗಳ ಬಳಿ ಕಲಿತ ಸುಮಾ (ಹೆಸರು ಬದಲಿಸಿದ್ದೇನೆ). ಎತ್ತಿಕೊಂಡದ್ದು ದೇಶಕಾರ್, ಮೇಲಿನ ಸ್ವರಗಳಲ್ಲೇ ಓಡಾಡಬೇಕಾದ ರಾಗ. ಅವಳು ಮೇಲಿನ ಷಡ್ಜದ ಹತ್ತಿರದವರೆಗೆ ಹೋಗಿ, ಅದನ್ನು ಮುಟ್ಟದೆ, ನಯವಾಗಿ ಕೆಳಗಿಳಿಯುತ್ತಿದ್ದಳು. ಅವಳ ಗಂಟಲು ಹೋಗಿದೆ ಎಂದು ನನಗೆ ಗೊತ್ತಾಗಿಹೋಯಿತು.

ಪಕ್ಕದಲ್ಲಿದ್ದ ಹಿರಿಯರು, "ಎಷ್ಟು ಸಮಾಧಾನದ ಹಾಡು. ನೀ ಎಂತಕ್ಕೆ ಅಳ್ತಾ ಇದ್ದೆ ತಂಗಿ?" ಎಂದರು.

"ಶೀತ ಆಗಿದ್ದು" ಎಂದೆ.

ಮುಗಿದ ಮೇಲೆ ಜನ ಅವಳನ್ನು ಮುತ್ತಿಕೊಂಡು ಹೊಗಳಿದರು. ಅವರಿಂದ ಬಿಡಿಸಿಕೊಂಡು ಬಂದು ನನ್ನನ್ನು ಒಳಗಿನ ಕೋಣೆಗೆ ಕರೆದೊಯ್ದಳು.

"ನಿಂಗೆ ಗೊತ್ತಾತು, ಅಲ್ದ?"

"ಗೊತ್ತಾತು. ಡಾಕ್ಟರು ಎಂತ ಹೇಳಿದ?"

"ಹಾಡದು ಬಿಡು ಹೇಳಿದ್ದ. ಇವತ್ತೇ ಕಡೆ. ಮನೇಲೂ ಹೇಳಿದ್ದಿಲ್ಲೆ. ಎಲ್ಲರೂ ಚಲೋ ಆತು ಹೇಳ್ತ. ಒಬ್ರಾದ್ರೂ ಸರಿಯಾಗಿ ಕೇಳ್ಲಿ ಹೇಳಿ ನಿನ್ನ ಕರದಿದ್ದು."

ಅವಳ ಕೈ ಹಿಡಿದು ಕೂತೆ.

ಅಷ್ಟರಲ್ಲಿ ಸಂಘಟಕರು ಬಂದರು. "ನೀವೂ ಕಲಿತವರು, ಎರಡು ಮಾತಾಡಿ" ಎಂದು ಇಬ್ಬರನ್ನೂ ಸಭೆಯ ಮುಂದೆ ಕರೆದೊಯ್ದು ನನಗೆ ಮೈಕ್ ಕೊಟ್ಟರು. ಸುಮಾ ನನ್ನನ್ನೇ ನೋಡುತ್ತಿದ್ದಳು. "ಬಹಳ ಚೆನ್ನಾಗಿತ್ತು" ಎಂದೆ. ಚಪ್ಪಾಳೆ ಬಿತ್ತು.

ನಾಳೆ ಶಿರಸಿಯ ನನ್ನ ಕ್ಲಾಸಿಗೆ ಹೊಸ ಹುಡುಗಿಯೊಬ್ಬಳು ಸೇರುತ್ತಾಳೆ. ಸಂಗೀತ ಕಲಿತರೆ ಮನಸ್ಸಿಗೆ ನೆಮ್ಮದಿಯಂತೆ. ಅವಳ ತಾಯಿ ಫೋನಿನಲ್ಲಿ ಹೇಳಿದ್ದು.